ಯಾಕಾನ್‌ಗಾಗಿ ಬಂದ ಮೂವತ್ತೊಂದು ಜನ

ಫೋನ್ ಬಂದಾಗ ಮಿತ್ಸುಯೊ ಶಾಲೆಯ ಅಡುಗೆಮನೆಯಲ್ಲಿ, ಸೊಂಟದೆತ್ತರದ ಪಾತ್ರೆಯೊಳಗೆ ಅರ್ಧ ಮೈ ಬಗ್ಗಿಸಿ ತಳ ಉಜ್ಜುತ್ತಿದ್ದಳು. ನಾನೂರು ಮಕ್ಕಳ ಊಟ ಮುಗಿದಿತ್ತು. ಗುರುತಿಲ್ಲದ ನಂಬರಿಗೆ ಅವಳು ಉತ್ತರಿಸುವವಳಲ್ಲ. ಅಂದು ಯಾಕೋ ಒದ್ದೆ ಕೈಗವಸಿನಲ್ಲೇ ಎತ್ತಿಕೊಂಡಳು.

“ಮಿತ್ಸುಯೊ ಅವರಾ? ನಾನು ಚಿಗುಸಾ ಅಂತ. ಕುನಿಹಿಕೊ ಅವರ ಮಗಳು. ಯಾಕಾನ್ ಅಂತ ಒಂದು ಬ್ಯಾಂಡ್ ಇತ್ತಲ್ಲ, ಅದರಲ್ಲಿ ಹಾಡ್ತಿದ್ರು.”

“ಅಯ್ಯೋ, ಕುನಿ! ಗೊತ್ತಿಲ್ದೆ ಏನು. ಹೇಗಿದಾರೆ?”

“ಹೋದ ತಿಂಗಳು ತೀರ್ಕೊಂಡ್ರು.”

ಮಿತ್ಸುಯೊ ಪಾತ್ರೆಯ ಅಂಚನ್ನು ಹಿಡಿದುಕೊಂಡಳು. ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿದಳು, ಹೇಳಿದೆ ಎಂದು ಆಮೇಲೆ ಅಂದುಕೊಂಡಳು. ಶ್ವಾಸಕೋಶ ಎಂದು ಆ ಹುಡುಗಿ ಹೇಳಿದ್ದು ಕೇಳಿಸಿತು. ಹಳೇ ಕಟ್ಟಡ ಒಡೆಯುವ ಕೆಲಸ, ಮೂವತ್ತು ವರ್ಷದ ಧೂಳು.

“ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ಅನಾಗುರಾದಲ್ಲಿ ಒಂದ್ ರಾತ್ರಿ ಅಪ್ಪನ್ನ ನೋಡೋಕೇ ಅಂತ ಮೂವತ್ತೊಂದು ಜನ ಬಂದಿದ್ರಂತೆ. ಅಪ್ಪ ಅದನ್ನ ಹೇಳದೇ ಇದ್ದ ವರ್ಷ ಇಲ್ಲ. ಅವರನ್ನ ನಲವತ್ತೊಂಬತ್ತನೇ ದಿನದ ಪೂಜೆಗೆ ಕರೀಬೇಕು ಅಂತಿದೀನಿ. ಎಲ್ರೂ ಸಿಗಲ್ಲ ಬಿಡಿ. ಹತ್ತು ಜನ ಆದ್ರೂ ಸಾಕು. ಅವತ್ತು ಬಾಗಿಲಲ್ಲಿ ಕೂತು ಗೀಟು ಹಾಕಿದ್ದು ನೀವೇ ಅಂತೆ. ನಿಮಗೆ ಅವರು ಯಾರ್ಯಾರು ಅಂತ ಗೊತ್ತಿರತ್ತೆ, ಅಲ್ವಾ?”

“ಬುಧವಾರ ಸಿಗ್ತೀನಿ,” ಎಂದಳು ಮಿತ್ಸುಯೊ. ಬಾಯಿಗೆ ಬಂದದ್ದು ಅಷ್ಟೇ.

ಆ ಮೂವತ್ತೊಂದು ಜನರಲ್ಲಿ ಇಪ್ಪತ್ತೆಂಟು ಜನ ಕುನಿಗಾಗಿ ಬಂದೇ ಇರಲಿಲ್ಲ. ಅವರನ್ನು ಅವನ ಪಾಲಿಗೆ ಬರೆದವಳು ಮಿತ್ಸುಯೊ. ಇದು ಜಗತ್ತಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಬುಧವಾರಕ್ಕೆ ಐದು ದಿನವಿತ್ತು. ಸಂಜೆ ಮನೆಗೆ ಬಂದವಳು ಶಾಲೆಯ ಊಟದ ಪಟ್ಟಿಯ ಹಿಂಬದಿಯಲ್ಲಿ, ಏನು ಹೇಳಬೇಕೆಂದು ಬರೆದಳು. ಹರಿದಳು. ‘ಅವರ ವಿಳಾಸಗಳೆಲ್ಲ ಕಳೆದುಹೋಗಿವೆ’ ಎಂದು ಬರೆದಳು. ಅದೇನೂ ಸುಳ್ಳಲ್ಲ ಅಂದುಕೊಂಡಳು. ಅಲ್ಲ, ಅದು ಸುಳ್ಳೇ. ಮತ್ತೆ ಹರಿದಳು. ಕೊನೆಗೆ ಅದನ್ನೇ ಇನ್ನೊಮ್ಮೆ ಬರೆದು ಚೀಲದಲ್ಲಿಟ್ಟಳು.

*

ಬ್ಯಾಂಡುಗಳು ಹಾಡುವ ಅನಾಗುರಾ ಕ್ಲಬ್ಬು ಇದ್ದದ್ದು ಕೋಎಂಜಿಯಲ್ಲಿ, ರೈಲು ಸೇತುವೆಯ ಪಕ್ಕ, ಒಂದು ತೋಫು ಅಂಗಡಿಯ ಕೆಳಗೆ. ಕಡಿದಾದ ಹನ್ನೆರಡು ಮೆಟ್ಟಿಲು ಇಳಿಯಬೇಕು. ಮೆಟ್ಟಿಲು ಮುಗಿಯುವಲ್ಲಿ ಒಂದು ಮೇಜು, ಅದರ ಹಿಂದೆ ಮಿತ್ಸುಯೊ, ಅವಳ ಹಿಂದೆ ಹತ್ತಿ ತುಂಬಿ ಚರ್ಮ ಹೊಡೆದ ದಪ್ಪ ಬಾಗಿಲು. ಒಳಗಿನ ಚಾವಣಿ ಎಷ್ಟು ತಗ್ಗೆಂದರೆ, ಸೋಪು ಹಚ್ಚಿ ಮುಳ್ಳಿನಂತೆ ನಿಲ್ಲಿಸಿಕೊಂಡು ಬಂದ ಹುಡುಗರ ಕೂದಲು ಹೊರಗೆ ಬರುವಾಗ ತುದಿ ಮಡಚಿಕೊಂಡಿರುತ್ತಿತ್ತು. ನೂರು ಜನರ ಬೆವರು ಆವಿಯಾಗಿ ಮೇಲಕ್ಕೆ ಹೋಗಿ ಅಲ್ಲಿಂದ ತೊಟ್ಟಿಕ್ಕುತ್ತಿತ್ತಂತೆ. ಚಳಿಗಾಲದಲ್ಲಿ ಹೊರಗೆ ಬಂದವರ ಮೈಯಿಂದ ಬೇಯಿಸಿದ ಆಲೂಗಡ್ಡೆಯಿಂದ ಏಳುವಂತೆ ಹಬೆ ಏಳುತ್ತಿತ್ತು. ಕೆನ್ನೆಗೆ ಪಿನ್ನು ಚುಚ್ಚಿಕೊಂಡ, ಮೈತುಂಬ ಸರಪಳಿ ಸುತ್ತಿಕೊಂಡ ಅವೇ ಹುಡುಗರು, ಮೇಲೆ ಹೋಗುವಾಗ ತೋಫು ಅಂಗಡಿಯ ಹೆಂಗಸಿಗೆ ನಿದ್ದೆ ಕೆಡದಿರಲೆಂದು ಸರಪಳಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹತ್ತುತ್ತಿದ್ದರು.

ಮಿತ್ಸುಯೊಗೆ ಆಗ ಇಪ್ಪತ್ತೆರಡು. ಹಗಲು ಸಿಹಿ ಮಾಡುವ ಕಾರ್ಖಾನೆಯಲ್ಲಿ ಕೆಂಪು ಅವರೆಯ ಹುಳುಕು ಆರಿಸುವ ಕೆಲಸ. ಪಿನ್ನು ಗಿನ್ನು ಯಾವುದೂ ಅವಳಿಗಿರಲಿಲ್ಲ. ಕಾರ್ಖಾನೆಯ ಬೂದು ಕೋಟಿನಲ್ಲೇ ಬರುತ್ತಿದ್ದಳು. ಯಜಮಾನ ಓನೋದೆರಾ ಅವಳನ್ನು ಬಾಗಿಲಿಗೆ ಕೂರಿಸಿದ್ದು ಅವಳ ಅಕ್ಷರ ಚೆನ್ನಾಗಿದೆ, ಕುಡಿಯುವುದಿಲ್ಲ, ಜಾಗ ಬಿಟ್ಟು ಏಳುವುದಿಲ್ಲ ಎಂದು. ನಲವತ್ತು ದಾಟಿರದ ಅವನನ್ನು ಎಲ್ಲರೂ ಮುದುಕ ಎಂದೇ ಕರೆಯುತ್ತಿದ್ದರು.

ಒಂದು ರಾತ್ರಿಗೆ ನಾಲ್ಕು ಬ್ಯಾಂಡು. ಇಳಿದು ಬಂದ ಪ್ರತಿಯೊಬ್ಬರನ್ನೂ ಅವಳು ಕೇಳಬೇಕಿತ್ತು: “ಇವತ್ತು ಯಾರನ್ನ ನೋಡೋಕೆ ಬಂದ್ರಿ?” ಅವರು ಹೇಳಿದ ಬ್ಯಾಂಡಿನ ಹೆಸರಿನ ಕೆಳಗೆ ಒಂದು ಗೀಟು. ಗೀಟುಗಳನ್ನು ಐದು ಗೆರೆಯ ಒಂದು ಅಕ್ಷರದ ಹಾಗೆ ಜೋಡಿಸುವುದು ಅಲ್ಲಿನ ಎಣಿಕೆಯ ರೂಢಿ, ಐದು ಗೀಟಿಗೆ ಒಂದು ಅಕ್ಷರ ಪೂರ್ತಿ. ಯಾರನ್ನೂ ಇಲ್ಲ, ಸುಮ್ಮನೆ ಬಂದೆ ಎಂದವರಿಗೆ ಅಂಚಿನಲ್ಲಿ ಗೀಟು. ರಾತ್ರಿ ಮುಗಿದ ಮೇಲೆ ಆ ಹಾಳೆಯ ಕಾರ್ಬನ್ ಪ್ರತಿಯೊಂದು ಬ್ಯಾಂಡಿನವರ ಕೈಗೂ ಹೋಗುತ್ತಿತ್ತು. ಮೂರು ಸಲ ಬೆನ್ನುಬೆನ್ನಿಗೆ ಹತ್ತಕ್ಕಿಂತ ಕಡಿಮೆ ಬಂದರೆ ಮುದುಕ ಆ ಬ್ಯಾಂಡಿಗೆ ವೇದಿಕೆ ಕೊಡುತ್ತಿರಲಿಲ್ಲ. ಅತ್ತರೂ ಇಲ್ಲ, ಕುಡಿಸಿದರೂ ಇಲ್ಲ.

ಕುನಿ ತನ್ನ ಚಿಕ್ಕಪ್ಪನ ತಾತಾಮಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ನೆಲಕ್ಕೆ ಹಾಸುವ ಆ ಚಾಪೆಗಳನ್ನು ಹೊಲಿದು ಹೊಲಿದು ಅವನ ಬೆರಳುಗಳು ದಪ್ಪಗಾಗಿದ್ದವು. ಅವನು ಮೆಟ್ಟಿಲಿಳಿದು ಬಂದರೆ ಬಿಯರು, ಸಿಗರೇಟಿನ ನಾತದ ನಡುವೆ ಒಮ್ಮೆ ಹಸಿ ಹುಲ್ಲಿನ ವಾಸನೆ ಹಾದುಹೋಗುತ್ತಿತ್ತು. ಅವನ ಬ್ಯಾಂಡು ಕೆಟಲಿನ ಹಾಗೆ ಕಿರುಚುತ್ತದೆಂದು ಯಾರೋ ಬೈದಿದ್ದರಂತೆ. ಅದನ್ನೇ ಹೆಸರು ಮಾಡಿಕೊಂಡಿದ್ದ, ಯಾಕಾನ್ ಅಂತ.

“ಏನ್ ಮಿತ್ಸು, ಹಗಲು ಕಾಳು ಎಣಿಸ್ತೀಯ, ರಾತ್ರಿ ತಲೆ ಎಣಿಸ್ತೀಯ. ಕನಸಲ್ಲಿ ಏನ್ ಎಣಿಸ್ತೀಯೇ?”

“ನೀನು ಶ್ರುತಿ ತಪ್ಪಿದ್ದನ್ನ.”

“ಅಷ್ಟು ದೊಡ್ಡ ನಂಬರ್ ನಿನ್ನ ಸ್ಕೂಲಲ್ಲಿ ಹೇಳ್ಕೊಟ್ಟಿರಲ್ಲ ಬಿಡು.”

ಅಷ್ಟೇ ಮಾತು. ಒಳಗೆ ಹೋಗುವ ಮುನ್ನ ಒಮ್ಮೊಮ್ಮೆ ಅವಳ ಮೇಜಿನ ಮೇಲೆ ಬಿಸಿ ಗೆಣಸಿನ ತುಂಡೊಂದನ್ನು ಇಟ್ಟುಹೋಗುತ್ತಿದ್ದ. ಅವನಿಗೆ ರೇಕೊ ಎಂಬ ಗೆಳತಿ ಇದ್ದಳು. ಎಲ್ಲರಿಗೂ ಗೊತ್ತಿತ್ತು, ಮಿತ್ಸುಯೊಗೂ ಗೊತ್ತಿತ್ತು.

ಮೊದಲ ಸುಳ್ಳು ಬಹಳ ಸಣ್ಣದು. ಆ ವರ್ಷದ ಶರತ್ಕಾಲದಲ್ಲಿ ಯಾಕಾನ್‌ಗೆ ಎರಡು ಸಲ ಹತ್ತು ಜನ ತುಂಬಿರಲಿಲ್ಲ. ಮೂರನೆಯ ಸಲ ಏಳು. ಅಂಚಿನಲ್ಲಿ, ಸುಮ್ಮನೆ ಬಂದವರ ಸಾಲಿನಲ್ಲಿ, ಒಂಬತ್ತು ಗೀಟು ಸುಮ್ಮನೆ ಬಿದ್ದಿದ್ದವು. ಅವು ಯಾರಿಗೂ ಬೇಡದ ಗೀಟುಗಳು. ಅದರಲ್ಲಿ ನಾಲ್ಕನ್ನು ಅವಳು ಯಾಕಾನ್‌ನ ಕೆಳಗೆ ಹಾಕಿದಳು. ಪಾಪ ಅನಿಸಿತು, ಅದಕ್ಕೆ. ಅಥವಾ ಅವನು ಇನ್ನು ಮೆಟ್ಟಿಲಿಳಿದು ಬರುವುದಿಲ್ಲವಲ್ಲ ಎಂದು ಹೆದರಿದಳೋ. ಮೂವತ್ತು ವರ್ಷಗಳಿಂದ ಇದನ್ನು ಹಿಂದೆಮುಂದೆ ತಿರುವಿ ನೋಡಿದರೂ ಅವಳಿಗೆ ಯಾವುದು ನಿಜವೆಂದು ಹೇಳಲಾಗಿಲ್ಲ. ಆಮೇಲೆ ಪ್ರತಿ ಸಲ ಮೂರು, ನಾಲ್ಕು, ಐದು.

ಫೆಬ್ರುವರಿಯ ಒಂದು ಶನಿವಾರ ಸಂಜೆಯಿಂದಲೇ ಹಿಮ ಬೀಳುತ್ತಿತ್ತು. ಆದರೂ ಜನ ಬಂದರು. ಕೊನೆಗೆ ನುಡಿಸಬೇಕಿದ್ದದ್ದು ಒಸಾಕಾದ ಹೆಸರುವಾಸಿ ಬ್ಯಾಂಡು. ಎಪ್ಪತ್ತು ಎಂಬತ್ತು ಜನ ಅವರ ಹೆಸರನ್ನೇ ಹೇಳಿ ಒಳಗೆ ಹೋದರು. ಯಾಕಾನ್ ಎಂದವರು ಮೂವರು. ರೇಕೊ ಒಬ್ಬಳು. ಮೂಗು ಸೋರುತ್ತಿದ್ದ ಒಬ್ಬ ಅಪರಿಚಿತ. ಇನ್ನೊಬ್ಬರು ಮೇಲಿನ ತೋಫು ಅಂಗಡಿಯ ಹೆಂಗಸಿನ ಗಂಡ. ಅವರು ಗಲಾಟೆಯ ಬಗ್ಗೆ ಜಗಳವಾಡಲು ಇಳಿದು ಬಂದವರು. “ಯಾರನ್ನ ನೋಡೋಕೆ ಬಂದ್ರಿ?” ಎಂದು ಮಿತ್ಸುಯೊ ಕೇಳಿದಳು. ಅವರು ತಬ್ಬಿಬ್ಬಾಗಿ, “ಆ ಕೆಟಲಿನವನು, ಅವನೇ ಜಾಸ್ತಿ ಕಿರುಚೋದು,” ಎಂದು ಒಳಗೆ ಹೋದರು. ಹೊರಗೆ ಬರಲೇ ಇಲ್ಲ.

ಮೂವತ್ತು ಜನರನ್ನು ತಂದ ಬ್ಯಾಂಡಿಗೆ ವಸಂತದ ದೊಡ್ಡ ರಾತ್ರಿಯಲ್ಲಿ ಜಾಗ ಕೊಡುತ್ತೇನೆಂದು ಮುದುಕ ಹೇಳಿದ್ದ. ಒಸಾಕಾದವರ ಸಾಲಿನಲ್ಲಿ ಗೀಟುಗಳು ಸೊಂಪಾಗಿದ್ದವು. ಇಪ್ಪತ್ತೋ ಮೂವತ್ತೋ ಹೋದರೆ ಅವರಿಗೆ ತಿಳಿಯುವಂತೆಯೇ ಇರಲಿಲ್ಲ. ಅವಳು ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದಳು. ಮೂವತ್ತು ಹಾಕಿದರೆ ಬೇಕೆಂದೇ ಹಾಕಿದಂತೆ ಕಾಣುತ್ತದೆಂದು ಮೂವತ್ತೊಂದು ಹಾಕಿದಳು. ವೇದಿಕೆಯ ಮೇಲೆ ನಿಂತವನಿಗೆ ಯಾವ ತಲೆ ಯಾರಿಗಾಗಿ ಬಂದದ್ದೆಂದು ತಿಳಿಯುವುದಿಲ್ಲ. ಕೆಳಗೆ ಕತ್ತಲು, ಎಲ್ಲ ತಲೆಯೂ ಒಂದೇ.

ಮುಗಿದ ಮೇಲೆ ಎಲ್ಲರೂ ಎಂದಿನಂತೆ ಮೂಲೆಯ ಹೆಂಡದಂಗಡಿಗೆ ಹೋದರು. ಕರುಳಿನ ಸಾರು, ಹುರಿದ ಮೊಳಕೆಕಾಳು, ಬಿಸಿ ಸಾಕೆ ಹೆಂಡ. ಮುದುಕ ಹಾಳೆಯನ್ನು ದೀಪದ ಹತ್ತಿರ ಹಿಡಿದು ಕೂಗಿದ.

“ಲೇ ಕುನಿ! ಮೂವತ್ತೊಂದು! ಯಾರೋ ಇವರು? ನಿನ್ನ ಚಾಪೆ ಗಿರಾಕಿಗಳಾ? ಅಳತೆ ತಪ್ಪು ಹೊಲ್ದಿದಾನೆ ಅಂತ ಹೊಡೆಯೋಕೆ ಬಂದಿದ್ರಾ?”

ಎಲ್ಲರೂ ನಕ್ಕರು. ಕುನಿ ನಗಲಿಲ್ಲ. ಕೈ ಒರೆಸಲು ಕೊಟ್ಟ ಬಿಸಿ ಬಟ್ಟೆಯನ್ನು ಮುಖದ ಮೇಲೆ ಹಾಕಿಕೊಂಡು ಬಹಳ ಹೊತ್ತು ಹಾಗೇ ಕೂತ. ಬಟ್ಟೆ ತಣ್ಣಗಾಗಿರಬೇಕು. ಆಮೇಲೆ ಮಿತ್ಸುಯೊಳ ಪಕ್ಕಕ್ಕೆ ಬಂದು ಬಗ್ಗಿದ.

“ಹತ್ತು ಯೆನ್ ಇದ್ಯಾ? ಫೋನ್ ಮಾಡ್ಬೇಕು.”

“ಯಾರಿಗೆ, ಇಷ್ಟೊತ್ತಲ್ಲಿ?”

“ಚಿಕ್ಕಪ್ಪಂಗೆ. ಅವರಿಗೆ ಮಕ್ಕಳಿಲ್ವಲ್ಲ, ನನ್ನ ದತ್ತು ತಗೊಂಡು ಅಂಗಡಿ ಕೊಡ್ತೀನಿ ಅಂದಿದಾರೆ. ಈ ವಾರದಲ್ಲಿ ಹೂಂ ಉಹೂಂ ಹೇಳ್ಬೇಕು. ಹೂಂ ಅಂದ್ರೆ ಹಾಡು ಬಿಡ್ಬೇಕು, ಕೂದಲು ಇಳಿಸ್ಬೇಕು. ಹೂಂ ಅನ್ನೋಣ ಅಂತಲೇ ಇದ್ದೆ ಕಣೆ, ನಿನ್ನೆವರೆಗೂ. ಆದ್ರೆ ಮೂವತ್ತೊಂದು ಜನ... ಹಿಮದಲ್ಲಿ... ಅಲ್ವಾ?”

ಮಿತ್ಸುಯೊ ಚೀಲ ತೆರೆದಳು. ನಾಣ್ಯ ಹುಡುಕಲು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಒಂದು ಮಾತು ಹೇಳಬಹುದಿತ್ತು. ತಡಿ ಕುನಿ, ಅಂತಾದರೂ ಅನ್ನಬಹುದಿತ್ತು. ಸುತ್ತ ಜನ ಇದ್ದರು, ಮುದುಕ ಇದ್ದ, ಹಾಳೆ ಮೇಜಿನ ಮೇಲೆಯೇ ಇತ್ತು. ಅವಳ ಬೆರಳಿಗೆ ನಾಣ್ಯ ಸಿಕ್ಕಿತು. ಕೊಟ್ಟಳು.

ಗುಲಾಬಿ ಬಣ್ಣದ ಫೋನು ಪಾಯಿಖಾನೆಯ ಪಕ್ಕದಲ್ಲಿತ್ತು. ಅವನು ಕಾಣದ ಚಿಕ್ಕಪ್ಪನಿಗೆ ಬಗ್ಗಿ ಬಗ್ಗಿ ನಮಸ್ಕರಿಸುತ್ತ ಮಾತಾಡಿದ. “ಕ್ಷಮಿಸಿ ಚಿಕ್ಕಪ್ಪ. ಆಗಲ್ಲ. ಕ್ಷಮಿಸಿ. ಇವತ್ತು ಮೂವತ್ತೊಂದು ಜನ ಬಂದಿದ್ರು.”

ವಸಂತದ ದೊಡ್ಡ ರಾತ್ರಿ ಯಾಕಾನ್ ಶುರು ಮಾಡುತ್ತಲೇ ಜನ ಬಿಯರಿಗೆಂದು ಹೊರಗೆ ಬಂದರು. ಎರಡು ವರ್ಷದಲ್ಲಿ ಬ್ಯಾಂಡು ಒಡೆಯಿತು. ಕಟ್ಟಡ ಮಾರಿಹೋಗಿ ಅನಾಗುರಾ ಮುಚ್ಚಿತು. ಚಿಕ್ಕಪ್ಪನ ಅಂಗಡಿ ಬೇರೆ ಯಾರೋ ಕೆಲಸಗಾರನ ಪಾಲಾಯಿತು. ಈಗೆಲ್ಲ ತಾತಾಮಿ ಅಂಗಡಿಗಳೇ ಮುಚ್ಚಿಹೋಗಿವೆ, ಅವನಿದ್ದರೂ ಅದು ಉಳಿಯುತ್ತಿತ್ತೋ ಇಲ್ಲವೋ ಎಂದು ಮಿತ್ಸುಯೊ ತನಗೆ ತಾನೇ ಹೇಳಿಕೊಂಡದ್ದುಂಟು. ಆದರೆ ಹುಲ್ಲಿನ ಧೂಳಿಗೂ ಒಡೆದ ಗೋಡೆಯ ಧೂಳಿಗೂ ವ್ಯತ್ಯಾಸವಿದೆ.

ನಡುವೆ ಒಮ್ಮೆ, ಹದಿನೈದು ವರ್ಷದ ಹಿಂದೆ, ಅವನು ನಾಕಾನೊ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. ಕೆಲಸದ ಬಟ್ಟೆ, ಹುಬ್ಬಿನಲ್ಲೆಲ್ಲ ಸುಣ್ಣ. ಯಂತ್ರದಿಂದ ಡಬ್ಬಿ ಕಾಫಿ ತೆಗೆದು ಅವಳ ಕೈಗಿಟ್ಟು, “ಮಿತ್ಸು, ಮೂವತ್ತೊಂದು ಜನ! ನೆನಪಿದ್ಯಾ?” ಎಂದಿದ್ದ. “ನೆನಪಿದೆ,” ಎಂದಿದ್ದಳು ಅವಳು.

*

ಬುಧವಾರ, ಕೋಎಂಜಿಯ ರೈಲು ಸೇತುವೆ ಪಕ್ಕದ ಕಾಫಿ ಅಂಗಡಿಯಲ್ಲಿ, ಚಿಗುಸಾ ಮೊದಲೇ ಬಂದು ಕಿಟಕಿ ಪಕ್ಕದಲ್ಲಿ ಕೂತಿದ್ದಳು. ಮೂವತ್ತರೊಳಗೇ ಇರಬಹುದು. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ, ಮಧ್ಯಾಹ್ನ ರಜೆ ಕೇಳಿಕೊಂಡು ಬಂದಿದ್ದೇನೆ ಎಂದಳು. ರೇಕೊಳ ಹಣೆ, ಕುನಿಯ ಬಾಯಿ. ಇಬ್ಬರೂ ಮೂರು ಸಲ ಬಗ್ಗಿ ನಮಸ್ಕರಿಸಿದರು. ಕಾಫಿ ಬಂತು.

ಚಿಗುಸಾ ಬಟ್ಟೆಯ ಗಂಟು ಬಿಚ್ಚಿ ಬಿಸ್ಕತ್ತಿನ ಡಬ್ಬಿಯೊಂದನ್ನು ಹೊರಗೆ ತೆಗೆದಳು. ಅದರೊಳಗೆ ಹಾಳೆಗಳು. ಹಳದಿಯಾಗಿದ್ದವು. ಮೇಲೆಯೇ ಫೆಬ್ರುವರಿಯ ಹಾಳೆ.

“ನೋಡಿ, ಕೆಳಗೆ ನಿಮ್ಮ ಸಹಿ ಇದೆ. ಮಿತ್ಸು ಅಂತ. ಹಳೇ ಜನರನ್ನೆಲ್ಲ ಕೇಳ್ತಾ ಕೇಳ್ತಾ ನಿಮ್ಮ ನಂಬರ್ ಸಿಕ್ತು. ಒಂದು ನೂಡಲ್ ಅಂಗಡಿಯ ಮಹಡಿ ಗೊತ್ತು ಮಾಡಿದೀನಿ. ಊಟ ಎಷ್ಟು ಜನಕ್ಕೆ ಅಂತ ಇವತ್ತು ಸಂಜೆ ಒಳಗೆ ಹೇಳ್ಬೇಕು. ಇಪ್ಪತ್ತು ಅಂದ್ರೆ ಜಾಸ್ತಿ ಆಗುತ್ತಾ?”

ಮಿತ್ಸುಯೊ ಹಾಳೆಯನ್ನು ನೋಡಿದಳು. ಅವಳಿಗೆ ತಿಳಿಯಲು ಒಂದು ನೋಟ ಸಾಕಾಯಿತು. ಬೇರೆ ರಾತ್ರಿಗಳ ಗೀಟುಗಳು ಅಡ್ಡಾದಿಡ್ಡಿ, ಒಂದು ಕೈಯಲ್ಲಿ ಚಿಲ್ಲರೆ ಹಿಡಿದು ಇನ್ನೊಂದರಲ್ಲಿ ಅವಸರದಲ್ಲಿ ಎಳೆದವು. ಆ ಹಾಳೆಯ ಮೂವತ್ತೊಂದು ಮಾತ್ರ, ಒಂದರ ಪಕ್ಕ ಒಂದು, ಆರಿಸಿಟ್ಟ ಕಾಳಿನಂತೆ ಸಮವಾಗಿ ನಿಂತಿದ್ದವು. ಇಷ್ಟು ವರ್ಷ ಅವನು ಇದನ್ನು ನೋಡುತ್ತಲೇ ಇದ್ದ. ಅವನಿಗೆ ಗೊತ್ತಾಗಿರಲಿಲ್ಲ.

ವಿಳಾಸ ಕಳೆದುಹೋಗಿದೆ ಎಂದರೆ ಮುಗಿಯಿತು. ಈ ಹುಡುಗಿ ನಿಟ್ಟುಸಿರು ಬಿಟ್ಟು, ಆದರೂ ಅವರು ಎಲ್ಲೋ ಇದ್ದಾರೆ ಎಂದುಕೊಂಡು ಹೋಗುತ್ತಾಳೆ. ಅಥವಾ ಹೋಗುವುದಿಲ್ಲ, ಹುಡುಕುತ್ತಲೇ ಇರುತ್ತಾಳೆ, ತನ್ನಪ್ಪನ ಹಾಗೆ ಇದನ್ನೇ ನಂಬಿಕೊಂಡು. ಮಿತ್ಸುಯೊ ಬರೆದು ತಂದಿದ್ದ ಚೀಟಿ ಚೀಲದಲ್ಲೇ ಉಳಿಯಿತು.

“ಚಿಗುಸಾ ಅವರೇ, ಇಪ್ಪತ್ತು ಬೇಡ. ಅವರು ಯಾರೂ ಇಲ್ಲ.”

“ಅಂದ್ರೆ? ಎಲ್ರೂ ತೀರ್ಕೊಂಡಿದಾರಾ?”

“ಅಲ್ಲ. ಬಂದೇ ಇರ್ಲಿಲ್ಲ. ನಿಮ್ಮಪ್ಪನಿಗೆ ಅಂತ ಅವತ್ತು ಬಂದಿದ್ದು ಮೂರು ಜನ. ಮಿಕ್ಕಿದ್ದು ನಾನು ಬರ್ದಿದ್ದು. ಬೇರೆಯವರ ಸಾಲಿಂದ ತೆಗೆದು.”

ಚಿಗುಸಾ ನಕ್ಕಳು, ಅರ್ಧದಲ್ಲಿ ನಿಲ್ಲಿಸಿದಳು. ಮಿತ್ಸುಯೊ ಎಲ್ಲ ಹೇಳಿದಳು. ಮೊದಲ ನಾಲ್ಕು ಗೀಟು, ಹೊಸ ಹಾಳೆ, ಚಿಕ್ಕಪ್ಪ, ಹತ್ತು ಯೆನ್. ಎಲ್ಲೂ ತನ್ನ ಪರವಾಗಿ ಮಾತು ಸೇರಬಾರದೆಂದು ಎಚ್ಚರ ವಹಿಸಿದಳು, ಆ ಎಚ್ಚರವೇ ಒಂದು ಥರ ತನ್ನ ಪರವಾಗಿ ಕೇಳಿಸುತ್ತಿದೆ ಅನಿಸಿ ನಡುವೆ ತಡವರಿಸಿದಳು. ಪಕ್ಕದ ಮೇಜಿನವರು ಎದ್ದುಹೋದರು.

“ಮೂರು,” ಎಂದಳು ಚಿಗುಸಾ. “ಯಾರು?”

“ಒಬ್ಬರು ಯಾರೋ ಗೊತ್ತಿಲ್ಲ, ಶೀತ ಆಗಿತ್ತು ಅವರಿಗೆ. ಇನ್ನೊಬ್ಬರು ತೋಫು ಅಂಗಡಿಯವರು, ಹೋಗಿ ತುಂಬ ವರ್ಷ ಆಯ್ತು. ಮತ್ತೆ ನಿಮ್ಮಮ್ಮ.”

ಚಿಗುಸಾಳ ಕೈ ಡಬ್ಬಿಯ ಮುಚ್ಚಳದ ಮೇಲಿತ್ತು. ಅದನ್ನು ಮುಚ್ಚಿದಳು, ತೆರೆದಳು.

“ಇದನ್ನ ಅಪ್ಪ ಇದ್ದಾಗ ಹೇಳ್ಬಹುದಿತ್ತಲ್ಲ.”

“ಹೇಳ್ಬೇಕಿತ್ತು.”

“ಅವರಿಗೆ ಹೇಳೋಕೆ ಧೈರ್ಯ ಇರ್ಲಿಲ್ಲ, ನನಗೆ ಹೇಳೋಕೆ ಬಂತು. ಅಪ್ಪ ಕೊನೇ ವಾರ ಆಕ್ಸಿಜನ್ ಹಾಕ್ಕೊಂಡು ನರ್ಸ್‌ಗೆ ಹೇಳ್ತಿದ್ರು ರೀ, ಮೂವತ್ತೊಂದು ಜನ ಅಂತ. ಆ ನರ್ಸು ಕೈ ತಟ್ಟಿದ್ಲು.” ಅವಳ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. “ಮೂವತ್ತು ವರ್ಷ ನೀವು ಹೊತ್ಕೊಂಡಿದ್ದನ್ನ ಈಗ ನನ್ನ ಮುಂದೆ ಇಳಿಸಿಬಿಟ್ರಿ. ನೀವು ಹಗುರಾಗಿ ಮನೆಗೆ ಹೋಗ್ತೀರ. ನಾನು ಏನ್ ಮಾಡ್ಲಿ ಇದನ್ನ?”

ಮಿತ್ಸುಯೊ ತಲೆ ತಗ್ಗಿಸಿದಳು. ಹಗುರ ಅನಿಸಿರಲಿಲ್ಲ, ಆದರೆ ಹಾಗೆ ಹೇಳುವ ಹಕ್ಕು ತನಗಿದೆ ಎಂದು ಅವಳಿಗೆ ತೋರಲಿಲ್ಲ. ಸೇತುವೆಯ ಮೇಲೆ ರೈಲು ಹೋಯಿತು, ಕಾಫಿ ಬಟ್ಟಲು ತಟ್ಟೆಯಲ್ಲಿ ಸಣ್ಣಗೆ ಅಲುಗಿತು.

“ಒಂದು ಕೇಳ್ತೀನಿ,” ಎಂದಳು ಚಿಗುಸಾ. “ನಾನು ಅಪ್ಪ ಹಾಡಿದ್ದನ್ನ ಕೇಳೇ ಇಲ್ಲ. ಒಂದು ಕ್ಯಾಸೆಟ್ ಇತ್ತು, ಬೂಷ್ಟು ಹಿಡಿದು ಹೋಯ್ತು. ಮನೇಲಿ ಹಾಡಿ ಅಂದ್ರೆ ನಾಚ್ಕೋತಿದ್ರು. ಅವರು ಚೆನ್ನಾಗಿ ಹಾಡ್ತಿದ್ರಾ? ಜನ ಬರ್ದೇ ಇದ್ರೆ ಬೇಡ. ಹಾಡು ಹೇಗಿತ್ತು, ಅದನ್ನಾದ್ರೂ ನಿಜ ಹೇಳಿ.”

ಅದ್ಭುತವಾಗಿ ಹಾಡ್ತಿದ್ರು ಎಂಬ ಮಾತು ಬಾಯಿಯಲ್ಲೇ ಸಿದ್ಧವಾಗಿತ್ತು. ಅದನ್ನು ಕೊಟ್ಟುಬಿಡುವುದು ಎಷ್ಟು ಸುಲಭವೆಂದು ಮಿತ್ಸುಯೊಗೆ ಗೊತ್ತಿತ್ತು.

“ನಾನು ನೋಡಿಲ್ಲ.”

“ಏನು?”

“ನಾನು ಬಾಗಿಲ ಹೊರಗೆ ಕೂರ್ತಿದ್ದೆ. ಅವರು ಹಾಡೋವಾಗ ಬಾಗಿಲು ಮುಚ್ಚಿರೋದು. ಯಾರಾದ್ರೂ ಹೊರಗೆ ಬಂದ್ರೆ ಆ ಸಂದಿಲಿ ಒಂದು ಚೂರು ಕೇಳೋದು. ಅನ್ನ ಬೆಂದ್ರೂ ನಾನು ಬೇಯಲ್ಲ ಅಂತ ಏನೋ ಒಂದು ಸಾಲು. ಅಷ್ಟೇ. ಪೂರ್ತಿ ಒಂದು ಹಾಡೂ ಕೇಳಿಲ್ಲ.”

“ಎಷ್ಟು ವರ್ಷ ಇದ್ರಿ ಅಲ್ಲಿ?”

“ಎರಡೂವರೆ.”

“ಒಂದ್ ಸಲನೂ ಎದ್ದು ಒಳಗೆ ಹೋಗ್ಲಿಲ್ವಾ?”

“ಜಾಗ ಬಿಡಬಾರದು ಅಂತ ಹೇಳಿದ್ರು.” ಇದೂ ಪೂರ್ತಿ ನಿಜವಲ್ಲ ಎಂದು ಅವಳಿಗೆ ಅನಿಸಿತು. “ಹೋಗಬಹುದಿತ್ತು. ಅವತ್ತು ಹಿಮ ಜೋರಾಗಿತ್ತು, ಎಂಟೂವರೆ ಆದ್ಮೇಲೆ ಒಬ್ಬರೂ ಬರ್ಲಿಲ್ಲ. ಯಾಕಾನ್ ಶುರು ಮಾಡಿದ್ದೇ ಆಗ. ಮೂವತ್ತು ನಿಮಿಷ ಹಾಡಿದ್ರು. ಆ ಮೂವತ್ತು ನಿಮಿಷ ನಾನು ಗೀಟು ಹಾಕ್ತಾ ಕೂತಿದ್ದೆ.”

ಒಳಗೆ ಹೋಗಿದ್ದರೆ ಅಂದು ಅವನಿಗೆ ನಾಲ್ಕು ಜನರಾಗುತ್ತಿದ್ದರು. ಹೇಳುತ್ತಿರುವಾಗಲೇ ಅವಳಿಗೆ ಅದು ಹೊಳೆದದ್ದು. ಇಷ್ಟು ವರ್ಷ ಅವಳು ತಪ್ಪನ್ನು ಬೇರೆ ಕಡೆ ಹುಡುಕಿದ್ದಳು. ಅಳಬಾರದೆಂದುಕೊಂಡಳು, ಅಳುವುದು ಈ ಹುಡುಗಿಯ ಪಾಲು. ಕರವಸ್ತ್ರ ಹುಡುಕುವಂತೆ ಚೀಲದೊಳಗೆ ಮುಖವಿಟ್ಟಳು.

ಚಿಗುಸಾ ಹಾಳೆಗಳನ್ನು ಜೋಡಿಸಿ ಡಬ್ಬಿಗೆ ಹಾಕಿದಳು. ಗಂಟು ಕಟ್ಟಿದಳು. ಅವಳ ಬೆರಳುಗಳು ಸಣ್ಣಗಿದ್ದವು.

“ಅಮ್ಮ ಒಳಗಿದ್ರು ಅಂತೀರಲ್ಲ.”

“ಇದ್ರು. ಅವರು ಯಾವತ್ತೂ ತಪ್ಪಿಸ್ತಿರ್ಲಿಲ್ಲ.”

“ಅಪ್ಪನ್ನ ಬಿಟ್ಟು ಹೋದ್ರು ಅಂತ ನಾನು ಅಮ್ಮನ ಹತ್ರ ಮಾತಾಡಿ ಹದಿನಾರು ವರ್ಷ ಆಯ್ತು. ಅಪ್ಪ ಹೋಗಿದ್ದೂ ತಿಳಿಸಿಲ್ಲ.” ಚಿಗುಸಾ ಎದ್ದು ನಿಂತಳು. “ಹಾಡು ಹೇಗಿತ್ತು ಅಂತ ಹೇಳೋಕೆ ಈಗ ಅವರೊಬ್ಬರೇ ಇರೋದು, ಅಲ್ವಾ?”

ಮಿತ್ಸುಯೊ ಎದ್ದು ಆಳವಾಗಿ ಬಗ್ಗಿದಳು. ನಲವತ್ತೊಂಬತ್ತನೇ ದಿನಕ್ಕೆ ಬನ್ನಿ ಎಂದು ಚಿಗುಸಾ ಹೇಳಲಿಲ್ಲ. ಮಿತ್ಸುಯೊ ಅದನ್ನು ನಿರೀಕ್ಷಿಸಿರಲಿಲ್ಲ. ಆದರೂ ತಲೆ ಎತ್ತುವಾಗ ಸ್ವಲ್ಪ ತಡ ಮಾಡಿದಳು.

ಕಿಟಕಿಯ ಗಾಜಿನಾಚೆ, ಸೈಕಲ್ಲುಗಳ ಸಾಲಿನ ಪಕ್ಕ, ಚಿಗುಸಾ ಡಬ್ಬಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಫೋನನ್ನು ಕಿವಿಗಿಟ್ಟು ನಿಂತಿದ್ದಳು. ನೂಡಲ್ ಅಂಗಡಿಗೋ, ಅಮ್ಮನಿಗೋ. ತುಟಿ ಅಲುಗುತ್ತಿರಲಿಲ್ಲ. ಆ ಕಡೆ ಇನ್ನೂ ಯಾರೂ ಎತ್ತಿರಲಿಲ್ಲವೇನೋ. ಮಿತ್ಸುಯೊ ಕೂರದೆ, ಎರಡೂ ಕೈ ಮೇಜಿನ ಮೇಲೆ ಊರಿ, ನೋಡುತ್ತ ನಿಂತಳು.